ಕಲಗಚ್ಚಿನ ಬಕೆಟ್ಟು

ನಮ್ಮ ಮನೆಗೆ ಡಿಷ್‌ವಾಷರ್ ಬಂದದ್ದು ನನ್ನ ಬಲಗೈ ಮಣಿಕಟ್ಟಿನ ದೆಸೆಯಿಂದ. ನರ ಒತ್ತಿಕೊಂಡಿದೆ ಎಂದು ಸಣ್ಣದೊಂದು ಆಪರೇಷನ್ ಮಾಡಿದ ಡಾಕ್ಟರು, ಇನ್ನು ಮೇಲೆ ಕುಕ್ಕರ್ ತಿಕ್ಕುವುದು, ಬೆಡ್‌ಶೀಟ್ ಹಿಂಡುವುದು ಎಲ್ಲ ಮರೆತುಬಿಡಿ ಅಂದರು. ಮರೆಯುವುದಕ್ಕೆ ನನಗೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ನನ್ನ ಗಂಡನಿಗೆ. ಒಂದಷ್ಟು ದಿನ ಸಿಂಕಿನ ಮುಂದೆ ನಿಂತು, ಲೋಟಕ್ಕೊಂದು ನಿಟ್ಟುಸಿರು ಬಿಟ್ಟು, ಕೊನೆಗೆ ಒಂದು ಭಾನುವಾರ ಅಂಗಡಿಗೆ ಹೋಗಿ ಯಂತ್ರಕ್ಕೆ ಆರ್ಡರ್ ಕೊಟ್ಟು ಬಂದರು. ಹೆಂಡತಿಯ ಮೇಲಿನ ಪ್ರೀತಿಯಿಂದ ತಂದದ್ದು ಎಂದು ಇವತ್ತಿಗೂ ನೆಂಟರ ಮುಂದೆ ಹೇಳಿಕೊಳ್ಳುತ್ತಾರೆ. ನಾನೂ ಹೂಂ ಅನ್ನುತ್ತೇನೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

ನಮ್ಮದು ಅಮೃತಹಳ್ಳಿಯ ಹಳೇ ಬೀದಿ. ನನ್ನ ಅತ್ತೆ ಮದುವೆಯಾಗಿ ಬಂದಾಗ ಇಲ್ಲಿ ದ್ರಾಕ್ಷಿ ಚಪ್ಪರ, ಕೊಟ್ಟಿಗೆ ತುಂಬ ಎಮ್ಮೆ ಇದ್ದವಂತೆ. ಈಗ ಚಪ್ಪರದ ಜಾಗದಲ್ಲಿ ಬಾಡಿಗೆ ಮನೆಗಳು, ಕೊಟ್ಟಿಗೆಯ ಜಾಗದಲ್ಲಿ ಕಾರು. ಎಮ್ಮೆ ಹೋದರೂ ಎಮ್ಮೆ ಸಾಕಿದವರ ಅಭ್ಯಾಸ ಹೋಗಲಿಲ್ಲ. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ಮೊದಲ ನೀರು, ತಪ್ಪಲೆಯ ತಳಕ್ಕಂಟಿದ ಅನ್ನ, ತರಕಾರಿ ಸಿಪ್ಪೆ, ಇವೆಲ್ಲ ಕೂಡಿದ ಕಲಗಚ್ಚನ್ನು ಮೋರಿಗೆ ಚೆಲ್ಲುವುದೆಂದರೆ ಅತ್ತೆಗೆ ಜೀವ ಹೋದಂತೆ. ಹಿತ್ತಲ ನಲ್ಲಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಒಂದೊಂದೇ ಪಾತ್ರೆಗೆ ಚೊಂಬಿನಲ್ಲಿ ನೀರು ಹಾಕಿ ಗಲಬರಿಸಿ ಒಂದು ಹಳೇ ನೀಲಿ ಬಕೆಟ್ಟಿಗೆ ಸುರಿದು, ಆಮೇಲೆ ಪಾತ್ರೆಯನ್ನು ತಿಕ್ಕಲು ನನ್ನ ಕಡೆ ತಳ್ಳುತ್ತಿದ್ದರು. ನನಗೆ ಸಿಗುತ್ತಿದ್ದ ಪಾತ್ರೆ ಆಗಲೇ ಅರ್ಧ ತೊಳೆದದ್ದಾಗಿರುತ್ತಿತ್ತು.

ಆ ಬಕೆಟ್ಟು ಹೋಗುತ್ತಿದ್ದದ್ದು ಖಾಲಾನ ಆಡುಗಳಿಗೆ. ಬೀದಿಯ ಕೊನೆಯಲ್ಲಿ, ಹಿಟ್ಟಿನ ಗಿರಣಿ ದಾಟಿದರೆ ಅವರ ಶೀಟಿನ ಮನೆ. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಮನೆಮಂದಿಯಷ್ಟೇ ಅಲ್ಲ, ಇಡೀ ಬೀದಿ ಅವರನ್ನು ಹಾಗೇ ಕರೆಯುತ್ತದೆ. ಸಂಜೆ ನಾಲ್ಕರ ಸುಮಾರಿಗೆ, ಹಿಂದಿನ ದಿನ ಒಯ್ದಿದ್ದ ಅದರ ಜೋಡಿ ಬಕೆಟ್ಟನ್ನು ಥಳಥಳ ತೊಳೆದು ಹಿಡಿದುಕೊಂಡು ಬಂದು ಗೇಟಿನ ಚಿಲಕ ಅಲ್ಲಾಡಿಸುವರು.

"ಏನಕ್ಕಾ, ರೆಡೀನಾ?"

"ಬಾಮ್ಮ, ಕೂತ್ಕೊ. ಇನ್ನೊಸಿ ಐತೆ."

"ಕೂರಲ್ಲಕ್ಕಾ, ಆಡು ಕಾಯ್ತಾ ಅವೆ."

ಹಾಗನ್ನುತ್ತಲೇ ಗೇಟಿನ ಒಳಗಿನ ಕಲ್ಲುಬೆಂಚಿನ ಮೇಲೆ ಕೂತುಬಿಡುವರು. ಬಕೆಟ್ಟು ಕೈ ಬದಲಾಯಿಸಲು ಅರೆಗಳಿಗೆ ಸಾಕು. ಇವರಿಗೆ ಒಂದು ಗಂಟೆ ಬೇಕು. ಯಾವ ಮನೆ ಸೊಸೆ ಬಸುರಿ, ಕೆರೆ ಏರಿಯ ಮೇಲೆ ಯಾರು ಹೊಸದಾಗಿ ಕಾಂಪೌಂಡ್ ಹಾಕಿದರು, ಕರಿ ಆಡು ಮರಿ ಹಾಕಿದ್ದು ಗಂಡೋ ಹೆಣ್ಣೋ, ಹಳೇ ಕಾಲದಲ್ಲಿ ಯಲಹಂಕದ ಸಂತೆಗೆ ನಡೆದೇ ಹೋಗುತ್ತಿದ್ದದ್ದು, ಇಬ್ಬರ ಮಂಡಿಗಳ ಆರೋಗ್ಯ. ನಾನು ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬರುವಷ್ಟರಲ್ಲಿ ಸಭೆ ಮುಗಿದಿರುತ್ತಿತ್ತು. ರಜೆಯ ದಿನಗಳಲ್ಲಿ ಮಾತ್ರ ಕಿಟಕಿಯಿಂದ ಕೇಳಿಸಿಕೊಳ್ಳುವ ಭಾಗ್ಯ. ಅತ್ತೆಗೆ ಮಂಡಿನೋವು ಬಂದಮೇಲೆ ಗೇಟು ದಾಟಿ ಹೋಗುವುದು ನಿಂತೇ ಹೋಗಿತ್ತು, ಓರಗೆಯವರು ಅಂತ ಬೀದಿಯಲ್ಲಿ ಉಳಿದಿದ್ದವರು ಖಾಲಾ ಒಬ್ಬರೇ. ಇಬ್ಬರೂ ಒಂದೇ ತಳಿ. ಕೆಲಸವಿಲ್ಲದೆ ಇನ್ನೊಬ್ಬರ ಬಾಗಿಲಿಗೆ ಹೋಗುವುದು ಅವರಿಗೆ ಗೊತ್ತಿಲ್ಲ. ಸುಮ್ಮನೆ ಮಾತಾಡಿಕೊಂಡು ಹೋಗೋಣ ಎಂದು ಬರುವುದು ಅವರ ಲೆಕ್ಕದಲ್ಲಿ ಸೋಮಾರಿಗಳ ಗುಣ. ಆದ್ದರಿಂದ ಬಕೆಟ್ಟು ಇದ್ದರೆ ಮಾತು, ಬಕೆಟ್ಟು ಇಲ್ಲದಿದ್ದರೆ ಇಲ್ಲ.

ಯಂತ್ರ ಬಂದು ಆ ಬಕೆಟ್ಟಿಗೇ ಕಲ್ಲು ಹಾಕಿತು. ಯಂತ್ರವನ್ನು ಜೋಡಿಸಲು ಬಂದವರು, ಪಾತ್ರೆಯನ್ನು ಮುಂಚೆಯೇ ತೊಳೆದು ಇಡಬೇಡಿ, ಮುಸುರೆಯನ್ನೆಲ್ಲ ಅದೇ ನೋಡಿಕೊಳ್ಳುತ್ತದೆ ಅಂದರು. ನನ್ನ ಗಂಡ ಅದನ್ನು ಮನೆಯ ಕಾನೂನು ಮಾಡಿದರು. ಅಕ್ಕಿ ತೊಳೆದ ನೀರನ್ನು, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗಿನಿಂದಲೇ, ತಾರಸಿ ಮೇಲಿನ ತಮ್ಮ ಟೊಮೆಟೊ ಗಿಡಗಳಿಗೆ ಮೀಸಲಿಟ್ಟುಕೊಂಡಿದ್ದರು. ಸಿಪ್ಪೆ ಅವರ ಕಾಂಪೋಸ್ಟ್ ಡಬ್ಬಕ್ಕೆ. ಹೀಗೆ ಕೊಟ್ಟಿಗೆಯ ಹಕ್ಕೆಲ್ಲ ತಾರಸಿಗೆ ಹೋಗಿ, ಬಕೆಟ್ಟಿಗೆ ಉಳಿದಿದ್ದ ಪಾತ್ರೆಯ ಮೊದಲ ನೀರನ್ನೂ ಯಂತ್ರ ನುಂಗಿತು. ನೀಲಿ ಬಕೆಟ್ಟು ಹಿತ್ತಲಲ್ಲಿ ಬೋರಲು ಬಿತ್ತು. ಖಾಲಾ ಬರುವುದು ನಿಂತಿತು.

ಅತ್ತೆ ಒಂದು ಮಾತೂ ಆಡಲಿಲ್ಲ. ಆಡದಿದ್ದದ್ದೇ ನಮಗೆ ಕಷ್ಟವಾಯಿತು. ಊಟಕ್ಕೆ ಕರೆದರೆ ಬರುವರು, ಟೀವಿ ಹಾಕಿದರೆ ನೋಡುವರು, ಬೀದಿಯ ಸುದ್ದಿ ಕೇಳಿದರೆ "ನಂಗೇನ್ ಗೊತ್ತವ್ವ" ಅನ್ನುವರು. ಬೀದಿಯಲ್ಲಿ ಏನಾಗುತ್ತಿದೆ ಎಂದು ನನ್ನ ಅತ್ತೆಗೆ ಗೊತ್ತಿಲ್ಲವೆಂದರೆ ಅದು ಜ್ವರಕ್ಕಿಂತ ಹೆಚ್ಚಿನ ಕಾಯಿಲೆ. ಖಾಲಾನನ್ನು ಒಮ್ಮೆ ಕಾಫಿಗೆ ಕರೆಯೋಣವೇ ಎಂದು ಕೇಳಿದೆ. "ಸುಮ್ ಸುಮ್ನೆ ಕರುದ್ರೆ ಅವ್ಳು ಬರಾಕಿಲ್ಲ. ನಾನಾಗಿದ್ರೂ ಓಗ್ತಿರ್ಲಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಸಂಕಟವಾಯಿತು. ಆ ಹೆಂಗಸಿನ ಬಾಯಿಂದ ದಿನಕ್ಕೆರಡು ಬೈಗುಳ ಕೇಳದಿದ್ದರೆ ನನಗೆ ಅಡುಗೆಮನೆಯಲ್ಲಿ ಕೈಯೇ ಆಡುವುದಿಲ್ಲ.

ಆಮೇಲೆ ಅದೊಂದು ದಿನ ಅತ್ತೆ ಮತ್ತೆ ಮಾತಾಡತೊಡಗಿದರು. ಗಿರಣಿಯವನ ಮಗಳಿಗೆ ಹೆಸರಘಟ್ಟದ ಕಡೆ ಗಂಡು ನೋಡಿದ್ದಾರಂತೆ ಅಂದರು. ಡಾಕ್ಟರು ಬದಲಾಯಿಸಿ ಕೊಟ್ಟ ಮಂಡಿಯ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆ. ಡಿಷ್‌ವಾಷರ್ ಕೈಕೊಡಲು ಶುರುವಾದದ್ದೂ ಅದೇ ವಾರ.

ಬೆಳಗಿನ ತಿಂಡಿಯ ಪಾತ್ರೆಯನ್ನು ನಾನು ಜೋಡಿಸಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನದ್ದನ್ನು ಸೇರಿಸಿ ಗುಂಡಿ ಒತ್ತುವುದು ಅತ್ತೆಯ ಪಾಲು. ಆ ಸಂಜೆ ಬಾಗಿಲು ತೆಗೆದರೆ ತಳದಲ್ಲಿ ಕೊಚ್ಚೆ ನೀರು ನಿಂತಿದೆ, ಮೇಲೆ ಒಂದು ಕರಿಬೇವಿನ ಎಲೆ ದೋಣಿಯ ಹಾಗೆ ತೇಲುತ್ತಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗಿ ನನ್ನ ಕರೆ ಅವರಿಗೆ ಎಷ್ಟು ಅಮೂಲ್ಯ ಎಂದು ವಿವರಿಸಿ, ಮೆಕ್ಯಾನಿಕ್ ಮುಂದಿನ ವಾರ ಬರುತ್ತಾನೆ ಅಂದಳು. ನನ್ನ ಗಂಡನ ಮುಖ ಅರಳಿತು. ಅವರಿಗೆ ಕೈಪಿಡಿ ಓದುವ ಹುಚ್ಚು.

ಕನ್ನಡಕ ಏರಿಸಿ ನೆಲದ ಮೇಲೆ ಕೂತರು. ಮೊದಲು ಪ್ಲಗ್ ತೆಗೆಯಬೇಕು ಎಂದು ಓದಿದರು, ನಾನು ತೆಗೆದೆ. ನಿಂತ ನೀರನ್ನು ಹೊರಹಾಕಬೇಕು ಎಂದು ಓದಿದರು, ನಾನು ಲೋಟದಲ್ಲಿ ಮೊಗೆದು, ಉಳಿದದ್ದನ್ನು ಹಳೇ ಪಂಚೆಯಲ್ಲಿ ಹೀರಿಸಿ ತೆಗೆದೆ. ತಳದ ನಡುವೆ ಒಂದು ಗುಂಡಿ, ಅದರೊಳಗೆ ಲೋಟದಾಕಾರದ ಜರಡಿ. ಎಡಕ್ಕೆ ತಿರುವಿ ಎತ್ತಿದರೆ ಬರುತ್ತದೆ, ಇಟ್ಟು ಬಲಕ್ಕೆ ತಿರುವಿದರೆ ಟಕ್ ಎಂದು ಕೂರುತ್ತದೆ. ಜರಡಿ ಅಂಥ ಕೊಳೆಯೇನೂ ಆಗಿರಲಿಲ್ಲ, ಆದರೆ ಓರೆಯಾಗಿ ಕೂತಿತ್ತು.

"ಇದನ್ನ ಹೀಗೆ ಓರೆಯಾಗಿ ಕೂರಿಸಿದ್ದು ಯಾರು?" ಅಂದರು.

"ನನ್ನನ್ನ ಯಾಕೆ ನೋಡ್ತೀರಿ? ಕಳೆದ ವಾರ ತೊಳೆದದ್ದು ನೀವೇ ಅಲ್ವಾ?"

"ನಾನು ಕೂರಿಸಿದ್ರೆ ಟಕ್ ಅನ್ನುತ್ತೆ."

ಆ ಟಕ್ಕಿನ ವಿಷಯದಲ್ಲಿ ನಮ್ಮ ನಡುವೆ ಸ್ವಲ್ಪ ಹೊತ್ತು ಮಾತು ನಡೆಯಿತು. ಅತ್ತೆ ಊಟದ ಮೇಜಿನ ಹತ್ತಿರ ಕೂತು, ತಲೆ ಎತ್ತದೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಅವರನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಆ ಒಂದು ಗುಂಡಿ ಒತ್ತುವುದು ಬಿಟ್ಟರೆ ಟೀವಿ ರಿಮೋಟನ್ನೂ ಮುಟ್ಟದ ಹೆಂಗಸು ಅವರು.

ಆಮೇಲೆ ಯಂತ್ರವನ್ನು ಮುಂದಕ್ಕೆಳೆದು ಹಿಂದಿನ ಪೈಪು ನೋಡಿದೆವು. ಗೋಡೆಗೆ ಒತ್ತಿಕೊಂಡು ಮಡಚಿದೆಯೇನೋ ಎಂದುಕೊಂಡರೆ, ನೆಟ್ಟಗೇ ಇತ್ತು. ಸಿಂಕಿನ ಕೆಳಗೆ ಪೈಪು ಕೂಡುವ ಜಾಗ ಬಿಚ್ಚಿ ನೋಡಿದೆವು. ಅಲ್ಲಿ ಸ್ವಚ್ಛವಾಗಿತ್ತು, ನನ್ನ ಗಂಡನ ಅಂಗಿ ಮಾತ್ರ ಆಗ ಕೊಳೆಯಾಯಿತು. ಕೊನೆಗೆ ಜರಡಿಯ ಗುಂಡಿಯೊಳಗೆ ಇನ್ನೊಂದು ಪುಟ್ಟ ಮುಚ್ಚಳವಿದೆ, ಅದರ ಹಿಂದೆ ನೀರನ್ನು ಹೊರಗೆ ತಳ್ಳುವ ಪಂಪಿನ ಚಕ್ರವಿದೆ ಎಂದು ಕೈಪಿಡಿಯಲ್ಲಿ ಸಿಕ್ಕಿತು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ನುಗ್ಗೆಕಾಯಿಯ ನಾರು ಚಕ್ರಕ್ಕೆ ಸುತ್ತಿಕೊಂಡು, ಆ ನಾರಿಗೆ ಒಂದು ಹುಣಸೆಬೀಜ ಸಿಕ್ಕಿಕೊಂಡು, ಮೇಲೆ ರಾಗಿಮುದ್ದೆಯ ಅಂಟು ಸಿಮೆಂಟಿನಂತೆ ಕೂತಿತ್ತು. ಒಂದು ಪೊರಕೆಕಡ್ಡಿಯಿಂದ ಕೆದರಿ ತೆಗೆದೆ. ಬೆರಳಲ್ಲಿ ತಿರುವಿದರೆ ಚಕ್ರ ತಿರುಗಿತು. ಜರಡಿಯನ್ನು ಇಬ್ಬರೂ ಸಾಕ್ಷಿಯಾಗಿ ಟಕ್ ಅನ್ನಿಸಿದೆವು. ಯಂತ್ರ ಗುರುಗುಟ್ಟಿ ನೀರನ್ನೆಲ್ಲ ಹೊರಹಾಕಿತು. ನನ್ನ ಗಂಡ ಮೆಕ್ಯಾನಿಕ್ ಬೇಡವೆಂದು ಫೋನ್ ಮಾಡಿ ಹೇಳುವಾಗಿನ ಗತ್ತು ನೋಡಬೇಕಿತ್ತು.

ಆ ಗತ್ತು ಬಹಳ ದಿನ ಉಳಿಯಲಿಲ್ಲ. ವಾರ ತುಂಬುವ ಮೊದಲೇ ಮತ್ತೆ ಕೊಚ್ಚೆ, ಮತ್ತೆ ಓರೆಯಾದ ಜರಡಿ, ಮತ್ತೆ ಚಕ್ರದಲ್ಲಿ ನಾರು. ಜರಡಿ ಸರಿಯಾಗಿ ಕೂತಿದ್ದರೆ ಅಷ್ಟು ಗಾತ್ರದ ಕಸ ಪಂಪಿಗೆ ಇಳಿಯುವ ಹಾಗೇ ಇಲ್ಲ ಎಂದು ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಹಾಗಾದರೆ ಟಕ್ ಅನ್ನಿಸಿದ್ದನ್ನು ಬಿಚ್ಚುವವರು ಯಾರು? ನನ್ನ ಗಂಡ ತಯಾರಿಕೆಯ ದೋಷ ಅಂದರು. ಹಿಂದಕ್ಕೆ ಕೊಟ್ಟುಬಿಡೋಣ ಎಂದೂ ಅಂದರು. ಅದು ಹೋದರೆ ಸಿಂಕಿನ ಮುಂದೆ ಯಾರು ನಿಲ್ಲಬೇಕೆಂದು ನೆನಪಾಗಿ ಸುಮ್ಮನಾದರು.

ಮಣಿಕಟ್ಟಿನ ವ್ಯಾಯಾಮಕ್ಕೆಂದು ನಾನು ಆಗಾಗ ಶಾಲೆಗೆ ಅರ್ಧ ದಿನ ರಜೆ ಹಾಕಿ ಆರ್.ಟಿ. ನಗರಕ್ಕೆ ಹೋಗುತ್ತಿದ್ದೆ. ಹೆಬ್ಬಾಳದ ಫ್ಲೈಓವರ್ ದಾಟಿ ಬರುವುದೇ ಒಂದು ವ್ಯಾಯಾಮ. ಒಂದು ಮಧ್ಯಾಹ್ನ ಅಲ್ಲಿ ವ್ಯಾಯಾಮ ಮಾಡಿಸುವವರು ರಜೆಯಲ್ಲಿದ್ದರು. ನಾನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ.

ಅಡುಗೆಮನೆಯಲ್ಲಿ ಡಿಷ್‌ವಾಷರಿನ ಬಾಗಿಲು ತೆರೆದಿತ್ತು. ಅದರ ಮುಂದೆ ಮಣೆ ಹಾಕಿಕೊಂಡು ಅತ್ತೆ ಕೂತಿದ್ದರು. ಪಕ್ಕದಲ್ಲಿ ನೀಲಿ ಬಕೆಟ್ಟು. ಸಾರಿನ ಸೌಟಿನಲ್ಲಿ ಯಂತ್ರದ ತಳದ ನೀರನ್ನು ಮೊಗೆದು ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದರು. ಎಡಗೈಯಲ್ಲಿ ನಮ್ಮ ಜರಡಿ. ಅದನ್ನು ಬಕೆಟ್ಟಿನ ಅಂಚಿಗೆ ತಟ್ಟಿ, ಅನ್ನದ ಅಗುಳನ್ನೂ ತರಕಾರಿ ಚೂರನ್ನೂ ಉದುರಿಸಿ, ಪುನಃ ಗುಂಡಿಯೊಳಗೆ ಇಟ್ಟು, ಅಂಗೈಯಲ್ಲಿ ಮೇಲಿನಿಂದ ಒಂದು ಏಟು ಕೊಟ್ಟರು. ತಿರುವಲಿಲ್ಲ.

ನನ್ನನ್ನು ನೋಡಿ ಅವರಿಗೆ ಗಾಬರಿಯೇನೂ ಆಗಲಿಲ್ಲ. "ಬಂದ್ಯಾ? ಸೋಪು ಇನ್ನಾ ಬಿಟ್ಟಿಲ್ಲ ಕಣವ್ವ," ಅಂದರು, ನಾನು ಅದನ್ನೇ ಕೇಳಿದ್ದೆನೆಂಬಂತೆ. "ಮೊದುಲ್ನೇ ನೀರಿಗೆ ಸೋಪಿನ ಡಬ್ಬಿ ಬಾಯಿ ತೆಗ್ಯಾಕಿಲ್ಲ. ಅದು ಎಲ್ಡುನೇ ನೀರಿಗೆ ತೆಗ್ಯೋದು. ಅದಕ್ಕೆ ಮುಂಚೇನೇ ನಿಲ್ಲಿಸ್ಬುಟ್ಟು, ನೀರು ತಕ್ಕಂಡು ಮತ್ತೆ ಒತ್ತುತೀನಿ."

ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಕಸ್ಟಮರ್ ಕೇರ್, ಕೈಪಿಡಿ, ತಯಾರಿಕೆಯ ದೋಷ, ಗಂಡ ಹೆಂಡಿರ ಜಗಳ ಎಲ್ಲ ಒಟ್ಟಿಗೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅತ್ತೆ ಯಂತ್ರದೊಳಗೂ ಒಂದು ಕಲಗಚ್ಚನ್ನು ಹುಡುಕಿ ತೆಗೆದಿದ್ದರು. ಅವರ ಮಾತು ಹಿಂತಿರುಗಿದ್ದು ಮಾತ್ರೆಯಿಂದಲ್ಲ, ನಾನಿಲ್ಲದ ಹೊತ್ತಿನಲ್ಲಿ ಖಾಲಾ ಹಿಂತಿರುಗಿದ್ದರಿಂದ.

"ನೀರು ಸರಿ ಅತ್ತೆ, ಆ ಜರಡಿ ಯಾಕೆ ಬಿಚ್ಚೋದು? ಅದರಿಂದಾನೇ ಮಿಷಿನ್ ಕಟ್ಕೊಳ್ತಿರೋದು."

"ಬರೀ ತಿಳಿನೀರು ಕೊಡೋಕಾಯ್ತದಾ? ಒಸಿ ಗಟ್ಟಿ ಇರ್ಬೇಕು," ಎಂದು ಸೌಟು ಕೊಡವಿದರು.

ಆ ಸಂಜೆ ನಾನು ತೀರ್ಪು ಕೊಟ್ಟೆ. ಅಕ್ಕಿ ತೊಳೆದ ನೀರು, ಸಿಪ್ಪೆ, ತಪ್ಪಲೆಯ ತಳದ ಅನ್ನ ಎಲ್ಲ ಇನ್ನು ಮುಂದೆ ನೀಲಿ ಬಕೆಟ್ಟಿಗೆ. ಅತ್ತೆ ಯಂತ್ರದೊಳಗೆ ಕೈ ಹಾಕಕೂಡದು. ನನ್ನ ಗಂಡ ತಮ್ಮ ಟೊಮೆಟೊ ಗಿಡಗಳ ಪರವಾಗಿ ವಾದಿಸಿದರು. ಆ ಗಿಡಗಳು ಇಲ್ಲಿಯವರೆಗೆ ಕೊಟ್ಟ ಟೊಮೆಟೊಗಳಲ್ಲಿ ಒಂದು ಹೊತ್ತಿನ ಸಾರೂ ಆಗಿಲ್ಲವೆಂದು ನಾನು ನೆನಪಿಸಿದೆ. "ಅಮ್ಮ, ನಿಮಗೋಸ್ಕರ ಒಪ್ಕೊಂಡಿದೀನಿ," ಎಂದು ಅತ್ತೆಯ ಮುಂದೆ ದೊಡ್ಡತನ ಮೆರೆದು ಹೋದರು. ಅಂದಿನಿಂದ ಯಂತ್ರದಲ್ಲಿ ನೀರು ನಿಂತಿಲ್ಲ.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಒಂದು ಶನಿವಾರ ಸಂಜೆ ರಾಗಿ ಬೀಸಿಸಲು ಡಬ್ಬ ಹಿಡಿದು ಗಿರಣಿಗೆ ಹೊರಟೆ. ಖಾಲಾ ಆಗಷ್ಟೇ ನಮ್ಮ ಗೇಟಿನಿಂದ ಎದ್ದು ಹೋಗಿದ್ದರು. ತುಂಬಿದ ಬಕೆಟ್ಟನ್ನು ಅಲ್ಲಲ್ಲಿ ಇಳಿಸಿ, ಕೈ ಬದಲಾಯಿಸಿ, ಮುಂದೆ ಹೋಗುತ್ತಿದ್ದರು. ಕೂಗಿ ನಾನು ಹಿಡಿದುಕೊಳ್ಳುತ್ತೇನೆ ಅನ್ನೋಣವೆಂದರೆ ನನ್ನ ಮಣಿಕಟ್ಟಿನ ಕಥೆ ಗೊತ್ತೇ ಇದೆ. ಗಿರಣಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ.

ಅವರ ಮನೆಯ ಪಕ್ಕ ಆಡುಗಳ ದೊಡ್ಡಿ ಇದ್ದ ಜಾಗದಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಹಿಂದೆ ಹೊಸದಾಗಿ ಎದ್ದ ಪಿ.ಜಿ. ಕಟ್ಟಡದ ಹುಡುಗರದ್ದು. ದೊಡ್ಡಿಯ ಗೂಟವಿಲ್ಲ, ಸೊಪ್ಪಿನ ಕಟ್ಟಿಲ್ಲ, ನೆಲಕ್ಕೆ ಟೈಲ್ಸ್ ಹಾಕಿದ್ದಾರೆ. ಖಾಲಾ ಅದನ್ನು ದಾಟಿ ರಸ್ತೆಯಂಚಿನ ಹೊಂಗೆಮರದ ಬುಡಕ್ಕೆ ಹೋದರು. ಅತ್ತಿತ್ತ ನೋಡಿ, ಬಕೆಟ್ಟಿನ ನೀರನ್ನು ಮೆಲ್ಲಗೆ ಬೇರಿಗೆ ಬಗ್ಗಿಸಿದರು. ತಳದ ಅನ್ನ, ಸಿಪ್ಪೆಗಳನ್ನು ಗೊರವಂಕಗಳಿಗೆ ಕಾಣುವಂತೆ ಕಲ್ಲಿನ ಮೇಲೆ ಹರಡಿದರು. ಆಮೇಲೆ ನಲ್ಲಿಯಲ್ಲಿ ಬಕೆಟ್ಟನ್ನು ತೊಳೆದರು, ಒಳಗೂ ಹೊರಗೂ, ಥಳಥಳ.

ನಾನು ರಾಗಿ ಬೀಸಿಸದೆ ಡಬ್ಬದ ಸಮೇತ ವಾಪಸಾದೆ. ಒಂದು ಆಡೂ ಇಲ್ಲದೆ ಆ ವಯಸ್ಸಿನಲ್ಲಿ ಅಷ್ಟು ಭಾರ ಹೊತ್ತು ನಡೆಯುವುದೇ ಎಂದು ಮರುಕವಾಯಿತು. ಇಲ್ಲಿ ಅತ್ತೆ ಇಲ್ಲದ ಆಡುಗಳಿಗೋಸ್ಕರ ಯಂತ್ರವನ್ನೇ ಬಗೆದರಲ್ಲ ಎಂದು ಸಿಟ್ಟೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆಗೆ ಗೊತ್ತಾದರೆ ಏನು ಗತಿ ಎಂದು ಹೆದರಿದೆ. ಕೆಲಸವಿಲ್ಲದೆ ಯಾರೂ ಬರಬಾರದು ಎನ್ನುವ ಹೆಂಗಸು. ಆಡಿಲ್ಲವೆಂದು ತಿಳಿದರೆ ಬಕೆಟ್ಟು ಮತ್ತೆ ಬೋರಲು ಬೀಳುತ್ತದೆ, ಮನೆಯಲ್ಲಿ ಮತ್ತೆ ಆ ಮೌನ. ಗಂಡನಿಗೆ ಹೇಳಿದೆ. "ಅಂದ್ರೆ ನನ್ನ ಟೊಮೆಟೊ ನೀರು ಹೊಂಗೆಮರಕ್ಕೆ ಹೋಗ್ತಿದೆ," ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅಮ್ಮಂಗೆ ಹೇಳ್ಬೇಡ," ಅಂದರು.

ಹೇಳಬಾರದೆಂದೇ ಇದ್ದೆ. ಆದರೆ ಬಾಯಿ ಕಟ್ಟಿಕೊಂಡು ಕೂರುವ ಜಾಯಮಾನ ನನ್ನದಲ್ಲ. ಮರುದಿನ ಮಧ್ಯಾಹ್ನ ಅತ್ತೆ ದಂಟಿನ ಸೊಪ್ಪು ಬಿಡಿಸುತ್ತ, ಬಲಿತ ದಂಟನ್ನೆಲ್ಲ ಮುರಿದು ಬಕೆಟ್ಟಿಗೆ ಹಾಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಕಟ್ಟು ಬಿಡಿಸುತ್ತ, ಗಾಳಿಗೆ ಹೇಳಿದ ಹಾಗೆ ಕೇಳಿದೆ. "ಖಾಲಾನ ಆಡೆಲ್ಲ ಹೇಗಿವೆಯಂತೆ ಅತ್ತೆ?"

"ಆಡೆಲ್ಲವ್ವ ಬಂದ್ವು? ಬಕ್ರೀದ್‌ಗೂ ಮುಂಚೇನೇ, ಮಿಷಿನ್ನು ಕೆಡೋಕೂ ಮುಂಚೇನೇ ಎಲ್ಲಾ ಮಾರ್ಬುಟ್ಳು. ಜಾಗ್ದೋರು ದೊಡ್ಡಿ ಬಿಡಿಸ್ಬುಟ್ರಲ್ಲ."

ಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ. ನಿಂತದ್ದು ನನ್ನ ಕೈ.

"ಖಾಲಾ ಹೇಳಿದ್ರಾ?"

"ಅವ್ಳ್ಯಾಕೆ ಏಳ್ತಾಳೆ? ಸೆರಗಲ್ಲಿ ಆಡಿನ ವಾಸ್ನೇನೇ ಇಲ್ಲ. ಸೀರೆ ಮ್ಯಾಲೆ ಒಂದು ಕೂದ್ಲಿಲ್ಲ. ಎಮ್ಮೆ ಸಾಕ್ದೋಳಿಗೆ ಇಷ್ಟೂ ಗೊತ್ತಾಗಾಕಿಲ್ವಾ?"

"ಗೊತ್ತಿದ್ದೂ ದಿನಾ ಬಕೆಟ್ ತುಂಬಿಸಿ ಕೊಡ್ತಿದ್ರಾ?"

"ಮತ್ತೆ? ಆಡಿಲ್ಲ ಅಂತ ಬಾಯಿಬಿಟ್ಟು ಏಳ್ಬುಟ್ರೆ ಯಾವ ನೆಪ ಇಟ್ಕೊಂಡು ಬರ್ತಾಳೆ ಅವ್ಳು?"

ಆ ಮಣೆ, ಆ ಸೌಟು, ಟಾರ್ಚ್ ಹಿಡಿದು ನಾನು ಕೆದರಿದ ನುಗ್ಗೆನಾರು ಕಣ್ಣ ಮುಂದೆ ಬಂದು ಕೇಳಿಯೇಬಿಟ್ಟೆ. "ಹಾಗಿದ್ರೆ ಬರೀ ನೀರು ಕೊಟ್ಟಿದ್ರೆ ಸಾಕಿತ್ತಲ್ಲ ಅತ್ತೆ. ಆಡೇ ಇಲ್ಲ ಅಂದ್ಮೇಲೆ ಆ ಜರಡಿ ಬಿಚ್ಚಿ ಅನ್ನ ಯಾಕೆ ಹುಡುಕ್ತಿದ್ರಿ?"

ಅತ್ತೆ ನನ್ನನ್ನು ನೋಡಿದರು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ ಇವಳು ಕಲಿತದ್ದೇನು ಎನ್ನುವ ನೋಟ ಅದು.

"ತಿಳಿನೀರು ಕೊಟ್ರೆ, ಆಡಿಲ್ದಿರೋದು ನಂಗೆ ಗೊತ್ತಾಗೈತೆ ಅಂತ ಅವ್ಳಿಗೆ ಗೊತ್ತಾಗೋಗಲ್ವೇನವ್ವ?"

ಅಷ್ಟರಲ್ಲಿ ಗೇಟಿನ ಚಿಲಕ ಅಲ್ಲಾಡಿತು. ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದರು. ನಾನು ಬಕೆಟ್ಟು ಎತ್ತಲು ಹೋಗಿ, ಕೈ ನೆನಪಾಗಿ, ಅದನ್ನು ನೆಲದ ಮೇಲೆ ತಳ್ಳಿಕೊಂಡೇ ಮುಂದಿನ ಬಾಗಿಲಿಗೆ ತಂದೆ.

"ಏನಕ್ಕಾ, ರೆಡೀನಾ?"

"ಬಾಮ್ಮ, ಕೂತ್ಕೊ. ಇನ್ನೊಸಿ ಐತೆ."

"ಕೂರಲ್ಲಕ್ಕಾ, ಆಡು ಕಾಯ್ತಾ ಅವೆ," ಎಂದು ಖಾಲಾ ಕಲ್ಲುಬೆಂಚಿನ ಮೇಲೆ ಕೂತು ಕಾಲು ಚಾಚಿದರು.

ನಾನು ಒಳಗೆ ಹೋಗಿ ತಪ್ಪಲೆಯಲ್ಲಿ ಮಿಕ್ಕಿದ್ದ ಅನ್ನವನ್ನು ತಂದು, ಅವರಿಗೆ ಕಾಣುವ ಹಾಗೆ, ಒಂದು ಹಿಡಿ ಜಾಸ್ತಿಯೇ ಬಕೆಟ್ಟಿಗೆ ಹಾಕಿದೆ.